ಅನಂತಗಿರಿಗೆ ಎರಡು ಸೈಕಲ್ಲು

ಹೊರಗೆ ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳಬಾರದು. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಯಾರಾದರೂ ಕೇಳಿಬಿಟ್ಟರೆ ಹೊರಟವರು ಚಪ್ಪಲಿ ಬಿಟ್ಟು ಒಳಗೆ ಬರಬೇಕು, ಒಂದು ಗಳಿಗೆ ಕೂಡಬೇಕು, ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ಕೇಳಿದವರು ನಾಲಿಗೆ ಕಚ್ಚಿಕೊಳ್ಳಬೇಕು. ನಾವು ಬಾಗಲಕೋಟೆ ಬಿಟ್ಟು ಹೈದರಾಬಾದಿನ ಮಣಿಕೊಂಡಕ್ಕೆ ಬಂದು ಎಷ್ಟೋ ವರ್ಷವಾಯಿತು. ರೊಟ್ಟಿ ಬಡಿಯುವುದು ವಾರಕ್ಕೆರಡು ದಿನಕ್ಕೆ ಇಳಿಯಿತು, ಮಾತಿನಲ್ಲಿ ತೆಲುಗು ಸೇರಿತು, ಆದರೆ ಈ ನಿಯಮ ಮಾತ್ರ ಹಾಗೇ ಉಳಿಯಿತು. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಮಕ್ಕಳಿಗೆ ಗುರುತ್ವಾಕರ್ಷಣೆ ಹೇಳಿಕೊಟ್ಟು ಬಂದು ಮನೆಯಲ್ಲಿ ಈ ಶಕುನವನ್ನೂ ಪಾಲಿಸುತ್ತೇನೆ. ಎರಡರ ನಡುವೆ ಇದುವರೆಗೆ ಜಗಳ ಬಂದಿಲ್ಲ.

ಜಗಳ ಬಂದದ್ದು ಸೈಕಲ್ಲಿನ ವಿಷಯಕ್ಕೆ. ನಮ್ಮ ಮನೆಯವರು ಪಟಾನ್‌ಚೆರುವಿನ ಒಂದು ಔಷಧಿ ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ಅವರಿಗೆ ಎದೆನೋವು ಬಂದು, ಆಸ್ಪತ್ರೆ ಸೇರಿ, ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದರು. ಡಾಕ್ಟರು ಬೆನ್ನು ತಟ್ಟಿ, ಇನ್ನು ಮೊದಲಿನ ಹಾಗೇ ಇರಬಹುದು, ನಡೆಯಿರಿ, ಸೈಕಲ್ ತುಳಿಯಿರಿ ಎಂದರು. ಇವರು ನಂಬಲಿಲ್ಲ. ಹಗಲೆಲ್ಲ ಔಷಧಿ ತಯಾರಾಗುವುದನ್ನು ನೋಡುವವರಿಗೆ ವಾಸಿಯಾಗುವುದರ ಮೇಲೆ ನಂಬಿಕೆ ಕಡಿಮೆಯೇನೋ. ಎರಡು ಮೆಟ್ಟಿಲು ಕಂಡರೆ ಲಿಫ್ಟ್ ಹುಡುಕುತ್ತಿದ್ದರು. ಟಿ.ವಿ. ನೋಡುವಾಗಲೂ ಒಂದು ಕೈ ಎದೆಯ ಮೇಲೆ ಇರುತ್ತಿತ್ತು. ಮೊದಲು ಅವರು ನಕ್ಕರೆ ಪಕ್ಕದ ಮನೆಯವರಿಗೂ ಕೇಳುತ್ತಿತ್ತು; ಈಗ ನಗು ಬಂದರೆ ತುಟಿಯಲ್ಲೇ ಹಿಡಿದುಕೊಳ್ಳುತ್ತಿದ್ದರು, ಜೋರಾಗಿ ನಕ್ಕರೆ ಒಳಗಿನದೇನೋ ಕಳಚಿ ಬಿದ್ದೀತೆಂಬಂತೆ. ಜೀವ ಉಳಿಯಿತಲ್ಲ, ಇನ್ನೇನು ಬೇಕು ಎಂದು ಎಲ್ಲರೂ ನನಗೆ ಸಮಾಧಾನ ಹೇಳಿದರು. ನನಗೆ ಆ ನಗುವೂ ಬೇಕಾಗಿತ್ತು.

ಗಚ್ಚಿಬೌಲಿಯಲ್ಲಿ ಗಾಜಿನ ಕಟ್ಟಡಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ ಅದು. ವಾರವಿಡೀ ಕ್ಯಾಬಿನಲ್ಲಿ ನಿದ್ದೆ ಮಾಡುವ ಸಾಫ್ಟ್‌ವೇರ್ ಹುಡುಗರಿಗೆ ಭಾನುವಾರ ಇದ್ದಕ್ಕಿದ್ದಂತೆ ಸೈಕಲ್ಲಿನ ಹುಚ್ಚು ಹಿಡಿಯಿತು. ಮೈಗಂಟಿದ ಬಣ್ಣದ ಅಂಗಿ, ಗೇರಿನ ಸೈಕಲ್ಲು, ತಲೆಗೆ ಹೆಲ್ಮೆಟ್ಟು ಸಮೇತ ಸಾಲಾಗಿ ಗಂಡಿಪೇಟೆಯ ಕಡೆ ಹಾರಿಹೋಗುತ್ತಿದ್ದರು. ಅವರನ್ನು ನೋಡಿಯೇ ನಾನೂ ಎರಡು ಸೈಕಲ್ಲು ತರಿಸಿದೆ. ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲಿನ ಅಡ್ಡಪಟ್ಟಿಯ ಕೆಳಗೆ ಒಂದು ಕಾಲು ತೂರಿಸಿ ತುಳಿದದ್ದೇ ನನ್ನ ಒಟ್ಟು ಅನುಭವ. ಈಗ ಚೂಡಿದಾರಿನ ಮೇಲೆ ಬೂಟು ಬಂತು. ಹೆಲ್ಮೆಟ್ಟಿಗೂ ನನ್ನ ತುರುಬಿಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ಒಂದನ್ನು ಕೂರಿಸಿದರೆ ಇನ್ನೊಂದು ಏಳುತ್ತಿತ್ತು. ಇಷ್ಟಾದರೂ ನನ್ನ ಯೋಜನೆ ದೊಡ್ಡದಿತ್ತು. ಮೊದಲು ವಿಶ್ವವಿದ್ಯಾಲಯದ ಬಯಲು, ಆಮೇಲೆ ಗಂಡಿಪೇಟೆ ಕೆರೆ, ಆಮೇಲೆ ಚೇವೆಳ್ಳ ರಸ್ತೆಯ ಆಲದ ಮರಗಳು, ಕೊನೆಗೆ ವಿಕಾರಾಬಾದಿನಾಚೆ ಅನಂತಗಿರಿ ಗುಡ್ಡ. ಊರಿಗೆ ಹೋಗುವ ರೈಲು ವಿಕಾರಾಬಾದ್ ದಾಟುವಾಗಲೆಲ್ಲ ‘ಒಮ್ಮೆ ಈ ಗುಡ್ಡ ಏರಬೇಕು ನೋಡು’ ಎನ್ನುತ್ತಿದ್ದವರು ಇವರೇ.

ಆದರೆ ಪ್ರವಾಸ ನಮ್ಮ ಬಿಲ್ಡಿಂಗಿನ ಗೇಟು ದಾಟಲಿಲ್ಲ. ಕಾರಣ ಮೊದಲ ಮಹಡಿಯ ಪಾರ್ವತಿ ಕಾಕು. ವಿಜಯಪುರದ ಕಡೆಯವರು, ಬಂಗಾರದಂಥ ಮನುಷ್ಯರು. ನಸುಕಿನಲ್ಲೇ ಎದ್ದು ಬಾಲ್ಕನಿಯಲ್ಲಿ ತುಳಸಿಗೆ ನೀರು ಹಾಕುತ್ತಾರೆ. ಕೆಳಗೆ ಎರಡು ಸೈಕಲ್ಲು ಕಂಡ ತಕ್ಷಣ ತಡೆಯಲಾರದೆ ಕೇಳಿಬಿಟ್ಟರು.

“ಎಲ್ಲಿಗಿ ಹೊಂಟ್ರಿ ಇಬ್ರೂ, ಇಷ್ಟ ನಸಿಕಿನ್ಯಾಗ?” ಮರುಕ್ಷಣವೇ ಬಾಯಿ ಮುಚ್ಚಿಕೊಂಡರು. “ಅಯ್ಯ, ನನ್ನ ಬಾಯಾಗ ಮಣ್ಣ ಹಾಕ!”

ಇವರು ಆಗಲೇ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ್ದರು. “ಕೇಳಿದ್ರಲಾ. ಕುಂತು ಹೋದ್ರಾತು.”

ಕುಂತರು. ನೀರು ಕುಡಿದರು. ನೀರಿನ ಹಿಂದೆ ಚಹಾ ಬಂತು, ಚಹಾದ ಹಿಂದೆ ಪೇಪರು ಬಂತು. ಪೇಪರಿನ ಕೊನೆಯ ಪುಟ ಮುಗಿಯುವಾಗ ಬಿಸಿಲು ಸೋಫಾದ ತನಕ ಬಂದಿತ್ತು. “ಬಿಸಿಲಾತು, ಮುಂದಿನ ವಾರ ನೋಡೂಣು” ಎಂದರು. ಮುಂದಿನ ವಾರ ಕಾಕು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು, ಪಾಪ, ಆದರೆ ಗೇಟಿನ ಕಾವಲುಗಾರ “ಎಕ್ಕಡಿಕಿ ಸಾರ್?” ಎಂದ. ತೆಲುಗಿನಲ್ಲಿ ಕೇಳಿದರೆ ನಡೆಯುತ್ತದೆ ಬಿಡ್ರಿ ಎಂದೆ ನಾನು. ಅವರ ಕಡೆಯೂ ಕೇಳಬಾರದಂತೆ ಎಂದು ಇವರು ತಿರುಗಿದರು. ಅದರ ಮುಂದಿನ ವಾರ ಹಾಲಿನವನು ಉರ್ದುವಿನಲ್ಲಿ “ಕಾಂ ಜಾರೈ ಸಾಬ್?” ಎಂದ. ಮೂರು ಭಾಷೆಯಲ್ಲಿ ಮಾತಾಡುವ ಊರಿನಲ್ಲಿ ಶಕುನಗಳೂ ಮೂರು ಪಟ್ಟು ಎಂಬುದು ನನಗೆ ಆಗ ತಿಳಿಯಿತು.

ಈ ನಿಯಮ ಯಾಕೆ ಹುಟ್ಟಿರಬಹುದು ಎಂದು ನಾನು ವಿಚಾರ ಮಾಡಿದ್ದೇನೆ. ಕಾಲ್ನಡಿಗೆಯ ಕಾಲದಲ್ಲಿ ಹೊರಗೆ ಹೋಗುವುದೆಂದರೆ ಹೊಳೆ, ಕಾಡು, ಕಳ್ಳರು ಎಲ್ಲವನ್ನೂ ದಾಟುವುದು. ಹೊರಡುವವನ ಧೈರ್ಯ ಹೊಸ್ತಿಲ ಮೇಲೆ ಬಹಳ ತೆಳ್ಳಗಿರುತ್ತದೆ. ಎಲ್ಲಿಗೆ ಎಂದರೆ ಅವನು ಉತ್ತರ ಹುಡುಕಬೇಕು. ಹುಡುಕುತ್ತ ಹೋದರೆ ಯಾಕೆ ಎಂಬುದೂ ಬರುತ್ತದೆ, ಹೋಗಲೇಬೇಕೇ ಎಂಬುದೂ ಬರುತ್ತದೆ. ಅಷ್ಟು ಪ್ರಶ್ನೆ ಕೇಳಿಕೊಂಡರೆ ಯಾರೂ ಮನೆ ಬಿಡುವುದಿಲ್ಲ. ಹಾಗಾಗಿ ಹಿರಿಯರು ಮೊದಲ ಪ್ರಶ್ನೆಯನ್ನೇ ಮುಚ್ಚಿಹಾಕಿದರು. ನೀರು ಕುಡಿದು ಕೂಡುವುದು ಅಲುಗಾಡಿದ ಧೈರ್ಯ ಮತ್ತೆ ಕೂಡಿಕೊಳ್ಳಲಿ ಎಂದು ಕೊಟ್ಟ ಅವಕಾಶ. ಇದು ನನ್ನ ಸಿದ್ಧಾಂತ, ಶಾಲೆಯಲ್ಲಿ ಕಲಿಸುವಂಥದ್ದಲ್ಲ.

ಸಿದ್ಧಾಂತ ಸಿಕ್ಕ ಮೇಲೆ ಉಪಾಯವೂ ಸಿಕ್ಕಿತು. ಶನಿವಾರ ಸಂಜೆಯೇ ಕಾಕುವಿಗೆ, ಕಾವಲುಗಾರನಿಗೆ, ಹಾಲಿನವನಿಗೆ ನಾನೇ ಹೋಗಿ ನಾಳೆ ಇಂಥಲ್ಲಿಗೆ ಹೊರಟಿದ್ದೇವೆ ಎಂದು ಹೇಳಿಬಂದೆ. ಗೊತ್ತಿದ್ದವರು ಕೇಳುವುದೇನು? ಭಾನುವಾರ ಯಾರೂ ಕೇಳಲಿಲ್ಲ. ಕಾವಲುಗಾರ ಸುಮ್ಮನೆ ಗೇಟು ತೆಗೆದ. ನಾನು ಗೆದ್ದೆ ಎಂದುಕೊಂಡು ಹಿಂದೆ ನೋಡಿದರೆ ಇವರು ಗೇಟಿನೊಳಗೇ ಸೈಕಲ್ ಹಿಡಿದು ನಿಂತಿದ್ದಾರೆ. ಕುತ್ತಿಗೆ ಎತ್ತಿ ಕಾಕುವಿನ ಬಾಲ್ಕನಿ ನೋಡುತ್ತಿದ್ದಾರೆ. ಕಾಕು ಕೇಳಲಿ ಎಂದು ಕಾಯುತ್ತಿದ್ದಾರೆ.

ಆ ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಇಷ್ಟು ವಾರ ನಾನು ಇದನ್ನು ಹಟ ಎಂದುಕೊಂಡಿದ್ದೆ. ಇವರಿಗೆ ಇದ್ದದ್ದು ಅಂಜಿಕೆ. ಗೇಟಿನಾಚೆ ಎಲ್ಲೋ ಎದೆ ನಿಂತುಹೋದರೆ ಎಂಬ ಅಂಜಿಕೆಯನ್ನು ಹೆಂಡತಿಯ ಮುಂದೆ ಹೇಳಲಾರದೆ ಪಾಪದ ಕಾಕುವಿನ ಬಾಯಿಗೆ ಕಟ್ಟಿದ್ದರು. ಕಾಕುವಿಗೂ ಅದು ಹೇಗೋ ತಿಳಿಯಿತು. ಬಾಲ್ಕನಿಯಿಂದ ಬಗ್ಗಿ, “ಹೋಗಿ ಬರ್ರಿ ಯಪ್ಪಾ. ನಾ ಇಲ್ಲೇ ನಿಂತಿರ್ತೀನಿ” ಎಂದರು. ಇವರು ಗೇಟು ದಾಟಿದರು.

ಮುಂದಿನದು ಸಲೀಸಾಯಿತು. ವಿಶ್ವವಿದ್ಯಾಲಯದ ಬಯಲಿನಲ್ಲಿ ದೊಡ್ಡ ದೊಡ್ಡ ಬಂಡೆಗಳು ಒಂದರ ಮೇಲೊಂದು ಕೂತು ಯಾರದೋ ಮಾತು ಕೇಳುತ್ತಿರುವ ಹಾಗೆ ಕಾಣುತ್ತವೆ. ಅವುಗಳ ನಡುವಿನ ನೆರಳು ರಸ್ತೆಯಲ್ಲಿ ತಿಂಗಳುಗಟ್ಟಲೆ ತುಳಿದೆವು. ಆಮೇಲೆ ಗಂಡಿಪೇಟೆ ಆಯಿತು, ಚೇವೆಳ್ಳದ ಆಲದ ಮರಗಳ ಕೆಳಗೂ ಹೋಗಿಬಂದೆವು. ಗೇರಿನ ಗುಟ್ಟು ತಿಳಿಯಿತು. ಏರು ಬಂದಾಗ ಹಗುರ ಗೇರು ಹಾಕಿದರೆ ಕಾಲು ಗಿರಗಿರ ತಿರುಗುತ್ತದೆ, ಸೈಕಲ್ಲು ಮಾತ್ರ ಎಮ್ಮೆಯ ಹಾಗೆ ಹೋಗುತ್ತದೆ. ಬಣ್ಣದ ಅಂಗಿಯ ಹುಡುಗರು ‘ಆಂಟಿ, ಸೂಪರ್’ ಎಂದು ದಾಟಿಹೋಗುತ್ತಾರೆ. ಬುತ್ತಿ ನನ್ನ ಸೈಕಲ್ಲಿನ ಮೇಲೆ ಇರುತ್ತಿತ್ತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಆ ಹುಡುಗರು ಬಾಳೆಹಣ್ಣು ತಿಂದು ಹೊರಡುವಷ್ಟರಲ್ಲಿ ನಾವು ಮರದ ಕೆಳಗೆ ಪಂಕ್ತಿ ಊಟಕ್ಕೆ ಕೂತಂತೆ ಕೂಡುತ್ತಿದ್ದೆವು. ಎಲ್ಲಾ ಸವಾರಿಯಲ್ಲೂ ಇವರು ಮುಂದೆ, ನಾನು ಹಿಂದೆ. ಏರಿನಲ್ಲಿ ‘ನಿಧಾನ್ರಿ’ ಎನ್ನುವುದು, ಇಳಿಜಾರಿನಲ್ಲೂ ‘ನಿಧಾನ್ರಿ’ ಎನ್ನುವುದು ನನ್ನ ಕೆಲಸ.

ಮಳೆಗಾಲ ಮುಗಿದ ಮೇಲೆ ಅನಂತಗಿರಿಗೆ ಹೊರಟೆವು. ವಿಕಾರಾಬಾದಿನ ತನಕ ಸೈಕಲ್ಲುಗಳನ್ನೂ ನಮ್ಮನ್ನೂ ಒಂದು ಟ್ರಾಲಿ ಆಟೊದಲ್ಲಿ ಹೇರಿಸಿಕೊಂಡು ಹೋದೆವು. ಪ್ರವಾಸವನ್ನು ಪ್ರಾಮಾಣಿಕವಾಗಿ ಮಾಡುವಷ್ಟು ಮೊಣಕಾಲು ನನಗಿಲ್ಲ. ಊರು ದಾಟಿದ ಕೂಡಲೇ ಎರಡೂ ಬದಿ ಕಾಡು, ನಡುವೆ ಸುತ್ತಿ ಏರುವ ರಸ್ತೆ. ನಗರದಲ್ಲಿ ನಾವು ಮೂಗು ಮುಚ್ಚಿಕೊಂಡು ದಾಟುವ ಮೂಸಿ ನದಿ ಹುಟ್ಟುವುದು ಈ ಗುಡ್ಡಗಳಲ್ಲಿ. ಇಲ್ಲಿ ಅದರ ನೀರು ತಿಳಿಯಾಗಿರುತ್ತದಂತೆ. ಹುಟ್ಟಿದಾಗ ಎಲ್ಲರೂ ಹಾಗೆಯೇ, ಪಾಪ, ಅದನ್ನೇನು ಬೈಯುವುದು ಎಂದುಕೊಳ್ಳುತ್ತ ತುಳಿಯುತ್ತಿದ್ದೆ. ಹಾಗೆ ವಿಚಾರದಲ್ಲಿ ಬಿದ್ದಿರುವಾಗ ಇವರು ತಿರುವು ದಾಟಿ ಮರೆಯಾದರು.

ನಾನೂ ತಿರುವಿಗೆ ಬಂದೆ. ಮುಂದೆ ಇನ್ನೊಂದು ತಿರುವು, ನಡುವೆ ಖಾಲಿ ರಸ್ತೆ. “ಏನ್ರೀ” ಎಂದು ಕೂಗಿದೆ. ಉತ್ತರವಿಲ್ಲ. ಸೈಕಲ್ ಇಳಿದು ತಳ್ಳಿಕೊಂಡು ಓಡಿದೆ. ಹೆಲ್ಮೆಟ್ಟು ಕಣ್ಣಿನ ಮೇಲೆ ಜಾರಿತು, ಬುತ್ತಿಯ ಗಂಟು ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ. ಯಾಕೆ ಕರೆತಂದೆ, ಮನೆಯಲ್ಲೇ ಸೋಫಾದ ಮೇಲೆ ಪೇಪರು ಹಿಡಿದು ಕೂತಿದ್ದರೆ ಏನು ಕಡಿಮೆಯಾಗಿತ್ತು ಎಂದು ನನ್ನನ್ನೇ ಶಪಿಸಿಕೊಳ್ಳುತ್ತ ಎರಡನೆಯ ತಿರುವು ದಾಟಿದೆ.

ಇವರು ರಸ್ತೆಬದಿಯ ಕಲ್ಲಿನ ಮೇಲೆ ಕೂತಿದ್ದರು. ಹಳ್ಳಿಯ ಹೆಂಗಸೊಬ್ಬಳು ಬುಟ್ಟಿಯಲ್ಲಿ ಸೀತಾಫಲ ಮಾರುತ್ತಿದ್ದಳು. ಒಂದು ಹಣ್ಣನ್ನು ಒಡೆದು ಇವರು ಬೀಜ ಉಗುಳುತ್ತಿದ್ದರು.

“ಕೂಗಿದ್ರೂ ಕೇಳಸ್ಲಿಲ್ಲೇನು?” ಎಂದು ಚೀರಿದೆ. “ಹಿಂಗ ಹೇಳದ ಮುಂದ ಬಂದ್ರ ನನ್ನ ಜೀವ ಹೆಂಗಾಗಬೇಕು?”

ಇವರು ನನ್ನ ಅವತಾರ ನೋಡಿದರು. ಹೆಲ್ಮೆಟ್ಟು ಒಂದು ಕಡೆ, ತುರುಬು ಒಂದು ಕಡೆ. ಮೊದಲು ಹೊಟ್ಟೆ ಕುಣಿಯಿತು, ಆಮೇಲೆ ಭುಜ. ಆಮೇಲೆ ಆ ನಗು ಹೊರಗೆ ಬಂತು, ಗುಡ್ಡದ ಆಚೆ ಕೇಳುವಂತೆ. ಸೀತಾಫಲದವಳೂ ನಕ್ಕಳು. ನನಗೆ ಸಿಟ್ಟು ಬರಬೇಕಿತ್ತು, ಅಳು ಬಂತು. ಕೂತು ಅತ್ತೆ.

ಇವರು ಪಕ್ಕಕ್ಕೆ ಬಂದು ಕೂತರು. “ಶಕ್ಕು, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ಈ ಏರಿನ್ಯಾಗ ನನಗ ಎದಿ ಐತಿ ಅನ್ನೂದ ಮರತಿತ್ತು. ಯಾಕಂದ್ರ ಹಿಂದಿಂದ ‘ನಿಧಾನ್ರಿ’ ಕೇಳಸ್ಲಿಲ್ಲ. ನೀ ಹಂಗ ಅಂದಾಗೆಲ್ಲ ನನಗ, ಏನೋ ಆಗಾಕತ್ತೈತಿ, ಇಕಿಗೆ ಕಂಡೈತಿ, ನನಗ ಹೇಳವಲ್ಲಳು ಅನಸ್ತಿತ್ತು. ಭಾಳ ಅಂಜಕಿ ಬರ್ತಿತ್ತು.”

ಧೈರ್ಯ ಕೊಡಲೆಂದೇ ಹಿಂದೆ ಇದ್ದವಳು ನಾನು. ತಿರುಗಿ ಹೋಗಿ ಬುತ್ತಿ ಎತ್ತಿಕೊಂಡು ಬಂದೆ. ತಿಂದೆವು. ಗುಡ್ಡದ ನೆತ್ತಿಗೂ ಹೋಗಿ ಅಲ್ಲಿನ ಗುಡಿಯ ದೇವರಿಗೆ ಕೈಮುಗಿದೆವು. ಹೊರಡುವಾಗ ಇವರು, “ಇಳೀವಾಗ ನೀ ಮುಂದ ಹೋಗು” ಎಂದರು.

ಮುಂದೆ ಹೋಗುವುದು ಹೀಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಮೊದಲ ತಿರುವಿನ ತನಕ ಕುತ್ತಿಗೆ ತಾನಾಗಿ ಹಿಂದಕ್ಕೆ ಹೊರಳುತ್ತಿತ್ತು. ಇಳಿಜಾರಿನಲ್ಲಿ ಹೊರಳಿದರೆ ಹಲ್ಲು ಉಳಿಯುವುದಿಲ್ಲ, ಹಾಗಾಗಿ ಮುಂದೆಯೇ ನೋಡಿದೆ. ಗಂಡಿಪೇಟೆಗೆ ಅಷ್ಟು ಸಲ ಹೋಗಿಯೂ ಆ ಕೆರೆಯ ಬಣ್ಣ ಯಾವುದೆಂದು ಕೇಳಿದರೆ ನನಗೆ ಹೇಳಲು ಬಾರದು. ಇವರ ನೀಲಿ ಅಂಗಿಯ ಬೆನ್ನಿನ ಮೇಲೆ ಬೆವರು ಎಲ್ಲೆಲ್ಲಿ ಮೂಡುತ್ತದೆಂದು ಕೇಳಿ, ಬರೆದುಕೊಡುತ್ತೇನೆ. ಈಗ ಎದುರಿಗೆ ಬೆನ್ನಿರಲಿಲ್ಲ. ಮರಗಳ ಸಂದಿಯಲ್ಲಿ ಕೆಳಗಿನ ಬಯಲೆಲ್ಲ ತೆರೆದುಕೊಂಡಿತ್ತು. ಕೆಂಪು ಹೊಲಗಳಿದ್ದವು, ಒಂದು ಕೆರೆ ಹೊಳೆಯುತ್ತಿತ್ತು, ನಮ್ಮೂರಿನ ಕಡೆ ಹೋಗುವ ರೈಲು ಹಳಿಯೂ ಕಾಣುತ್ತಿತ್ತು. ಗಾಳಿಗೆ ಕಣ್ಣಲ್ಲಿ ನೀರು ಬಂತು. ಸೈಕಲ್ಲು ತಾನೇ ಓಡುತ್ತಿತ್ತು.

ಆಗ ಹಿಂದಿನಿಂದ ನಮ್ಮ ಮನೆಯವರ ದನಿ, ಗಾಬರಿಯಿಂದ: “ಶಕ್ಕೂ, ನಿಧಾನ! ಏ, ನಿಧಾನ!”

ಅಯ್ಯೋ ಪಾಪ ಅನ್ನಿಸಿತು. ಆದರೂ ನಾನು ಬ್ರೇಕ್ ಹಿಡಿಯಲಿಲ್ಲ.