ಕೆಂಚಾರ್ಲಹಳ್ಳಿಗೆ ಖಾಲಿ ಗಾಡಿ

ಗೌರಿಬಿದನೂರಿನಲ್ಲಿ ಬೆಳಗಿನ ಬಸ್ಸು ಹತ್ತಿದಾಗ ಊರನ್ನು ಮಂಜಿನೊಳಗೆ ಅದ್ದಿಟ್ಟಂತಿತ್ತು. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಆಧಾರ್ ತೋರಿಸಿದೆ, ಕಂಡಕ್ಟರು ಸೊನ್ನೆ ಬಿದ್ದ ಚೀಟಿ ಹರಿದು ಕೊಟ್ಟ. ಶಾಲು ಹೊದ್ದು ಕಿಟಕಿಗೆ ಒರಗಿದೆ. ಮಂಚೇನಹಳ್ಳಿ ದಾಟುವವರೆಗೂ ಹೊರಗೆ ಬೆಟ್ಟಗಳಿದ್ದವೋ, ನಾನೇ ಕನಸಿನಲ್ಲಿ ಕಂಡೆನೋ, ಈಗಲೂ ಸರಿಯಾಗಿ ಹೇಳಲಾರೆ.

ಚಿಕ್ಕಬಳ್ಳಾಪುರದ ನಿಲ್ದಾಣದಲ್ಲಿ ತಂಗಿಯ ಮಗಳು ಮಂಜುಳಾ ಕಾಯುತ್ತಿದ್ದಳು. "ದೊಡ್ಡಮ್ಮ, ಬೇಗ ಬಾ. ತಿಂಡಿ ಅಲ್ಲೇ ಕೊಡ್ತಾರೆ."

ಅಲ್ಲೇ ಎಂದರೆ ಒಂದು ಕಲ್ಯಾಣ ಮಂಟಪ. ಸಣ್ಣ ವ್ಯಾಪಾರದವರು ಬೆಳೆಯುವುದು ಹೇಗೆ ಎಂದು ಅಲ್ಲಿ ಅರ್ಧ ದಿನದ ತರಬೇತಿ. ಮಂಜುಳಾ ಜಂಗಮಕೋಟೆಯಲ್ಲಿ ರೇಷ್ಮೆ ಹುಳುವಿನ ಮರಿಗಳನ್ನು ಸಾಕಿ, ಅವು ಎರಡನೇ ಸಲ ಚರ್ಮ ಬಿಟ್ಟ ಮೇಲೆ ರೈತರಿಗೆ ಮಾರುತ್ತಾಳೆ. ಅದುವರೆಗೆ ಸುತ್ತಲಿನ ಹಳ್ಳಿಗಳಿಗಷ್ಟೇ ಕೊಡುತ್ತಿದ್ದಳು. ಈಗ ಮೊದಲ ಬಾರಿಗೆ ದೂರದ ಕೆಂಚಾರ್ಲಹಳ್ಳಿಯಿಂದ ಕರೆ ಬಂದಿತ್ತು. ಮಾರನೆಯ ದಿನವೇ ತಲುಪಿಸಬೇಕು. ಅದು ಹಿಡಿಸಿದರೆ ಆ ಊರಿನ ಉಳಿದ ಮನೆಗಳೂ ಅವಳಲ್ಲೇ ಕೊಳ್ಳುತ್ತವೆ. ಅಲ್ಲಿ ತೆಲುಗು ಹೆಚ್ಚು. ನನಗೆ ಅಜ್ಜಿಯ ಮಡಿಲಲ್ಲಿ ಕಲಿತ ತೆಲುಗಿದೆ. ಅದಕ್ಕೇ ನಾನು ಜೊತೆಗೆ.

ಪಾಠ ಹೇಳಿದವರು ಚೆನ್ನಾಗಿಯೇ ಹೇಳಿದರು. "ಹೇಳಿದ ದಿನ ಗಿರಾಕಿಯ ಬಾಗಿಲಲ್ಲಿ ಇರಿ. ಬೆಳೆಯೋದು ಅಲ್ಲಿಂದ ಶುರು." ಮಂಜುಳಾ ತಲೆಯಾಡಿಸಿದಳು. ಅವರೆಕಾಳಿನ ಉಪ್ಪಿಟ್ಟು ಬಿಸಿಯಾಗಿತ್ತು. ನಾನು ಅದಕ್ಕೂ ತಲೆಯಾಡಿಸಿದೆ.

ಮಧ್ಯಾಹ್ನ ಶಿಡ್ಲಘಟ್ಟದಲ್ಲಿ ಬಸ್ಸು ಬದಲಿಸಿ ಜಂಗಮಕೋಟೆ ಸೇರಿದೆವು. ಸಂಜೆ ಹುಳುವಿನ ಮನೆಯೊಳಗೆ ಹೋದೆ. ಮೇಯುವಾಗ ಸಣ್ಣ ಮಳೆಯಂತೆ ಸದ್ದು ಮಾಡುವ ಹುಳುಗಳು ಅಂದು ಮೌನವಾಗಿದ್ದವು. ಚರ್ಮ ಬಿಡುವ ಹೊತ್ತಿಗೆ ಇಲ್ಲಿ ಜ್ವರ ಅನ್ನುತ್ತಾರೆ. ಆಗ ಅವು ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂರುತ್ತವೆ. ಎಲ್ಲವೂ ಎದ್ದ ಮೇಲೆಯೇ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಮೊದಲೆದ್ದವಕ್ಕೆ ಮೊದಲೇ ಹಾಕಿದರೆ ಅವು ಮುಂದೆ ಓಡುತ್ತವೆ, ಉಳಿದವು ಸೊರಗುತ್ತವೆ. ತಟ್ಟೆಯ ತುಂಬ ಪುಟ್ಟ ತಲೆಗಳು ದೂರದ ಏನನ್ನೋ ಆಲಿಸುತ್ತಿರುವಂತಿತ್ತು. ನಾನೂ ಉಸಿರು ಸಣ್ಣಗೆ ಮಾಡಿಕೊಂಡು ಆಲಿಸಿದೆ.

ಬೆಳಗಾದಾಗ ಚಳಿ ಕಚ್ಚುತ್ತಿತ್ತು. ಹುಳುಗಳಲ್ಲಿ ಅರ್ಧ ಮಾತ್ರ ಎದ್ದಿದ್ದವು. ಮಂಜುಳಾಳ ಗಂಡ ನಾಗರಾಜ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದ್ದ.

"ಒಂದು ಹಿಡಿ ಸೊಪ್ಪು ಉದುರಿಸು ಕಣೇ. ಮಿಕ್ಕಿದ್ದು ದಾರೀಲಿ ಏಳ್ತವೆ."

"ಹ್ಞೂ, ಗಾಡಿ ಗುಂಡಿಗೆ ಬಿದ್ದಾಗ ಎದ್ದು ಕೂರ್ತವೆ, ನಿಮ್ಮ ಥರ!"

"ಇವತ್ತು ಕೊಡದಿದ್ರೆ ಆ ಊರು ಕೈ ತಪ್ಪುತ್ತೆ."

"ಹಿಂಗೇ ಕೊಟ್ರೆ ಅರ್ಧ ಹುಳ ಗೂಡು ಕಟ್ಟೋವಾಗ ಅರ್ಧ ಸೊಪ್ಪು ಕೇಳ್ತಾ ಇರ್ತವೆ. ಆಗ ತಪ್ಪಲ್ವಾ?" ಅವಳು ಹುಳುಗಳನ್ನೇ ನೋಡುತ್ತ ನಿಂತಳು. ಆಮೇಲೆ, "ನಡೀರಿ, ಹೋಗಣ. ಖಾಲಿ ಗಾಡೀಲಿ."

"ಫೋನ್ ಮಾಡಿದ್ರೆ ಸಾಕಲ್ವೇನೇ!"

"ಫೋನಲ್ಲಿ ಹೇಳಿದ್ರೆ ನೆಪ ಅಂತಾರೆ."

ತಟ್ಟೆಗಳನ್ನು ಮಂಜುಳಾಳ ನಾದಿನಿಗೆ ಒಪ್ಪಿಸಿ ಹೊರಟೆವು. ಚಿಂತಾಮಣಿಯಲ್ಲಿ ಇಡ್ಲಿ ತಿಂದೆವು. ಮಂಜುಳಾ ಮುರಿದಳೇ ಹೊರತು ತಿನ್ನಲಿಲ್ಲ. ಅಲ್ಲಿಂದ ಮುಂದೆ ಬಂಡೆಗುಡ್ಡಗಳು ಮಲಗಿದ ದನಗಳಂತೆ ಮಂಜಿನಿಂದ ಒಂದೊಂದಾಗಿ ಬೆನ್ನು ತೋರಿಸಿದವು. ಹಿಂದೆ ತಟ್ಟೆ ಜೋಡಿಸುವ ಖಾಲಿ ಚೌಕಟ್ಟುಗಳು ದಾರಿಯುದ್ದಕ್ಕೂ ಕಟಕಟ ಅನ್ನುತ್ತಿದ್ದವು.

ಕೆಂಚಾರ್ಲಹಳ್ಳಿಯ ವೆಂಕಟಲಕ್ಷ್ಮಮ್ಮ ಹುಳುವಿನ ಮನೆಗೆ ಸುಣ್ಣ ಬಳಿದು, ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು, ಮಾವಿನ ತೋರಣ ಕಟ್ಟಿದ್ದರು. ಕೊಯ್ದ ಸೊಪ್ಪಿನ ಮೇಲೆ ಒದ್ದೆ ಗೋಣಿ ಹೊದಿಸಿದ್ದರು. ಅವರು ಗಾಡಿಯ ಹಿಂದೆ ಬಂದು ಇಣುಕಿದರು.

"ಏಮಮ್ಮಾ, ಗಾಳಿ ತುಂಬ್ಕೊಂಡು ಬಂದಿದೀರಾ?"

ನಾನು ಕಟ್ಟಿಕೊಂಡು ಬಂದಿದ್ದ ತೆಲುಗನ್ನು ಬಿಚ್ಚುವ ಮೊದಲೇ ಮಂಜುಳಾ ಕನ್ನಡದಲ್ಲೇ ಹೇಳಿದಳು: "ಹೇಳಿದ ದಿನ ನಾನು ಬಂದಿದೀನಮ್ಮ. ಹುಳ ಇನ್ನೂ ಜ್ವರದಿಂದ ಎದ್ದಿಲ್ಲ. ಎಲ್ಲ ಎದ್ದ ಮೇಲೆ ತರ್ತೀನಿ. ಬೇಡ ಅಂದ್ರೆ ಬೇರೆ ಕಡೆ ತಗೊಳ್ಳಿ, ಬೇಜಾರಿಲ್ಲ."

"ನಾಳೆ ಏಳ್ತವಾ?"

"ನಾಳೆ ಅನ್ನಲ್ಲಮ್ಮ. ಈ ಚಳೀಲಿ ಹೆಂಗೆ ಹೇಳ್ಲಿ?"

"ಮತ್ತೆ ಕೊಯ್ದ ಸೊಪ್ಪು? ನಿನ್ನ ಗಂಡ ತಿಂತಾನಾ?"

ನಾಗರಾಜ ತಟಕ್ಕನೆ ಟೈರು ಪರೀಕ್ಷಿಸತೊಡಗಿದ. ಆಕೆ ನನ್ನತ್ತ ತಿರುಗಿ, ಈ ಹುಡುಗಿ ಯಾವಾಗಲೂ ಹೀಗೇನಾ ಎಂದು ತೆಲುಗಿನಲ್ಲಿ ಕೇಳಿದರು. "ಇಂತೇ" ಅಂದೆ. ಇಡೀ ಪ್ರಯಾಣದಲ್ಲಿ ನನ್ನ ತೆಲುಗು ಬೇಕಾದದ್ದು ಆ ಒಂದು ಮಾತಿಗೆ.

ಆಕೆ ಒಳಗೆ ಹೋಗಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಊಟವಾಗುವವರೆಗೆ ಬೇಕೆಂದೂ ಬೇಡವೆಂದೂ ಇಲ್ಲ. ಕೈ ತೊಳೆದು ಹೊರಗೆ ಬಂದರೆ ಆಕೆ ಸೆರಗು ಸಿಕ್ಕಿಸಿಕೊಂಡು ಸೊಪ್ಪಿನ ಹೊರೆಯನ್ನು ನಮ್ಮ ಗಾಡಿಗೆ ಏರಿಸುತ್ತಿದ್ದರು.

"ಗೋಣಿ ಒಣಗೋಕೆ ಬಿಡಬೇಡ. ಎಲ್ಲ ಎದ್ದ ಮೇಲೆ ಮೊದಲ ಮೇವು ಇದನ್ನೇ ಹಾಕು. ನಮ್ಮ ಹುಳ ಅಲ್ವಾ, ನಮ್ಮ ಸೊಪ್ಪಿನ ರುಚಿ ಹತ್ತಲಿ."

ಮಂಜುಳಾ ಹೊರೆಯ ಇನ್ನೊಂದು ತುದಿಗೆ ಕೈ ಕೊಟ್ಟಳು.

ಗಾಡಿ ಹೊರಟಿತು. ಹಸಿ ಸೊಪ್ಪಿನ ವಾಸನೆ ನಮ್ಮನ್ನು ತುಂಬಿಕೊಂಡಿತು. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ವೆಂಕಟಲಕ್ಷ್ಮಮ್ಮ ಬಾಗಿಲ ತೋರಣವನ್ನು ಬಿಚ್ಚಿರಲಿಲ್ಲ. ಚೊಂಬು ಹಿಡಿದು, ಬಾಡದಿರಲೆಂದು ಅದಕ್ಕೆ ನೀರು ಚಿಮುಕಿಸುತ್ತಿದ್ದರು.