ಮದುಮಗಳಿಗೆ ಸ್ಟೀರಿಂಗ್ ಬಿಟ್ಟುಕೊಟ್ಟ ಆಂಜಿನಪ್ಪ

ಬೆಳಗಿನ ಐದು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ. ಸಂಜಯನಗರದ ಶೆಡ್ಡೊಂದರ ಮುಂದೆ ಮುನಿಆಂಜಿನಪ್ಪ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಹದಿನೇಳು ಅಡಿ ಉದ್ದದ ಬಿಳಿ ವಿದೇಶಿ ಕಾರಿನ ಮೈ ಒರೆಸುತ್ತಿದ್ದಾರೆ. ಎರಡು ಬಕೆಟ್ ನೀರು, ಮೂರು ಬಟ್ಟೆ. ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ಹೊಳಪಿಗೆಂದು ಇಟ್ಟುಕೊಂಡಿರುವ ಮೂರನೆಯದು ಹೆಂಡತಿ ಸೊಣ್ಣಮ್ಮನ ಹಳೇ ರೇಷ್ಮೆ ಸೀರೆಯ ತುಂಡು. ಅದು ಹಳೇ ಸೀರೆಯಲ್ಲ, ಬೀರುವಿನಲ್ಲಿದ್ದ ಒಳ್ಳೇ ಸೀರೆ ಎಂದು ಸೊಣ್ಣಮ್ಮ ಹೇಳುತ್ತಾರೆ. ಈ ವ್ಯಾಜ್ಯ ಆರು ವರ್ಷದಿಂದ ಇತ್ಯರ್ಥವಾಗಿಲ್ಲ.

ಆರ್.ಟಿ. ನಗರದಲ್ಲಿ ಹೂವಿನ ಅಲಂಕಾರದ ಅಂಗಡಿ ಇಟ್ಟಿರುವ ಅಫ್ರೀನ್ ಗುಲಾಬಿ ಬುಟ್ಟಿಗಳೊಂದಿಗೆ ಬಂದಿಳಿಯುತ್ತಾರೆ. "ಟೇಪ್ ಅಂಟಿಸ್ಬೇಡ ಕಣಮ್ಮ, ಬಣ್ಣ ಎದ್ದು ಬತ್ತದೆ" ಎನ್ನುತ್ತಾರೆ ಆಂಜಿನಪ್ಪ. "ನಾಲ್ಕು ವರ್ಷದಿಂದ ದಿನಾ ಇದೇ ಹೇಳ್ತೀರ ಅಂಕಲ್, ನಾನು ದಿನಾ ದಾರದಲ್ಲೇ ಕಟ್ತೀನಿ" ಎನ್ನುತ್ತಾ ಅಫ್ರೀನ್ ಕೆಲಸ ಶುರು ಮಾಡುತ್ತಾರೆ.

ಐದೂವರೆಗೆ ಪಂಚೆಯಲ್ಲಿ ಶೆಡ್ಡಿನೊಳಗೆ ಹೋದ ಆಂಜಿನಪ್ಪ ಹತ್ತು ನಿಮಿಷದಲ್ಲಿ ಬಿಳಿ ಕೋಟು, ಚಿನ್ನದ ಬಣ್ಣದ ಗುಂಡಿ, ಟೋಪಿ ಧರಿಸಿ ಯಾವುದೋ ಸಂಸ್ಥಾನದ ಸೇನಾಪತಿಯಂತೆ ಹೊರಬರುತ್ತಾರೆ. ಆರಡಿ ಎತ್ತರ, ಹುರಿ ಮಾಡಿದ ಮೀಸೆ. ಇದರಿಂದ ಆಗಿರುವ ಅನಾಹುತ ಒಂದೆರಡಲ್ಲ. ಎರಡು ಮದುವೆಗಳಲ್ಲಿ ಮುಖ್ಯ ಅತಿಥಿ ಎಂದುಕೊಂಡು ಇವರಿಗೇ ಹಾರ ಹಾಕಿದ್ದಾರೆ. ಹೆಬ್ಬಾಳದ ಒಂದು ಮದುವೆಯಲ್ಲಂತೂ ವೇದಿಕೆ ಹತ್ತಿಸಿ ಆಶೀರ್ವಚನ ಮಾಡಿ ಎಂದು ಮೈಕ್ ಕೊಟ್ಟರು. "ಚೆನ್ನಾಗಿ ಬಾಳಿ, ಗಾಡಿ ತೆಗೀಬೇಕು, ಅಡ್ಡ ನಿಂತಿರೋ ಬೈಕು ಸರಿಸಿ ಅಂದೆ. ಚಪ್ಪಾಳೆ ಹೊಡುದ್ರು" ಎಂದು ನೆನೆಯುತ್ತಾರೆ.

ಮುನಿಆಂಜಿನಪ್ಪನವರಿಗೆ ಈಗ ಐವತ್ತೇಳು. ಹುಟ್ಟಿದ್ದು ಶೆಟ್ಟಿಹಳ್ಳಿಯಲ್ಲಿ, ಅಲ್ಲಿನ್ನೂ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ. ಮೊದಲು ಟ್ರ್ಯಾಕ್ಟರ್ ಓಡಿಸಿದರು. ಹೊಲಗಳೆಲ್ಲ ಸೈಟುಗಳಾದ ಮೇಲೆ ಯಶವಂತಪುರದ ಮಂಡಿಯಿಂದ ಈರುಳ್ಳಿ ಹೊರುವ ಟೆಂಪೋ ಹತ್ತಿದರು. ಹತ್ತೊಂಬತ್ತು ವರ್ಷದ ಹಿಂದೆ ಮದುವೆಗೆ ಕಾರು ಬಾಡಿಗೆ ಕೊಡುವ ನಿರಂಜನ್ ಅವರ ಬಳಿ ಸೇರಿದರು. ಮೊದಲ ಮದುವೆಯಲ್ಲಿ ರಸ್ತೆಯ ಹಂಪು ಬಂದಾಗ ಕಾರನ್ನೂ ಈರುಳ್ಳಿ ಟೆಂಪೋವನ್ನು ಹಾರಿಸಿದಂತೆಯೇ ಹಾರಿಸಿದರು. ಹಿಂದಿನ ಸೀಟಿನಲ್ಲಿದ್ದ ಮದುಮಗನ ಪೇಟ ಕಾರಿನ ಸೂರಿಗೆ ಬಡಿದು ಮೂಗಿನವರೆಗೆ ಇಳಿಯಿತು. "ಈರುಳ್ಳಿ ಮಾತಾಡಲ್ಲ ಸಾರ್, ಮದುಮಗ ಮಾತಾಡ್ತಾನೆ. ಅವತ್ತು ತುಂಬಾ ಮಾತಾಡ್ದ."

ಲಗ್ನದ ತಿಂಗಳುಗಳಲ್ಲಿ ದಿನಕ್ಕೆ ಎರಡು ಮದುವೆ, ಕೆಲವೊಮ್ಮೆ ಮೂರು. ಆಷಾಢದಲ್ಲಿ ಕಾರಿಗೂ ಇವರಿಗೂ ವಿಶ್ರಾಂತಿ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಪಿನ್ನು, ಬಾಚಣಿಗೆ, ಕುಂಕುಮ, ಗ್ಲೂಕೋಸ್ ಬಿಸ್ಕತ್ತು, ಹೊಟ್ಟೆನೋವಿನ ಮಾತ್ರೆ ಸದಾ ಸಿದ್ಧ. ಮಾತ್ರೆ ಹೆಚ್ಚು ಖರ್ಚಾಗುವುದು ಮದುಮಗಂದಿರಿಗೆ. ಸೊಣ್ಣಮ್ಮ ಈ ಕಾರಿನಲ್ಲಿ ಕೂತದ್ದು ಒಂದೇ ಸಲ, ಯಲಹಂಕದವರೆಗೆ. "ಕುಲುಕಾಟಾನೇ ಇಲ್ಲ, ಅದಕ್ಕೇ ವಾಂತಿ ಬಂತು" ಎಂದು ವಾಪಸ್ಸು ಬಸ್ಸಿನಲ್ಲಿ ಬಂದರು.

ಇಂಥ ಆಂಜಿನಪ್ಪನವರಿಗೆ ಮಾಲೀಕರು ಹಾಕಿದ್ದ ನಿಯಮ ಒಂದೇ: ಸ್ಟೀರಿಂಗನ್ನು ಬೇರೆ ಯಾರೂ ಮುಟ್ಟಕೂಡದು. ಮಾಲೀಕರ ಸ್ವಂತ ಭಾವಮೈದುನ ಕೇಳಿದಾಗಲೂ ಇವರು ಕೊಟ್ಟಿರಲಿಲ್ಲ. ಆ ನಿಯಮ ಮುರಿದದ್ದು ಹೋದ ಮಾಘದಲ್ಲಿ, ಇಂದು ಎಂಬ ಹುಡುಗಿಯ ಮದುವೆಯ ದಿನ.

ಇಂದು ಆರ್.ಟಿ. ನಗರದವರು. ಲ್ಯಾಬ್ ಟೆಕ್ನಿಷಿಯನ್. ಬೆಳಗಾಗೆದ್ದು ತಮ್ಮ ಪುಟ್ಟ ಕಾರಿನಲ್ಲಿ ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದುಕೊಂಡು ಬರುವುದು ಅವರ ಕೆಲಸ. ಆ ಬೆಳಿಗ್ಗೆ ಆಂಜಿನಪ್ಪ ಮದುಮಗಳನ್ನೂ ಜೊತೆಗಿದ್ದ ಚಿಕ್ಕಮ್ಮ ಸರಳಾ ಅವರನ್ನೂ ಹತ್ತಿಸಿಕೊಂಡು ಯಲಹಂಕದ ಕಲ್ಯಾಣ ಮಂಟಪಕ್ಕೆ ಹೊರಟಿದ್ದರು. ಹೆಬ್ಬಾಳದ ಮೇಲ್ಸೇತುವೆ ದಾಟುವವರೆಗೆ ಮದುಮಗಳು ತುಟಿ ಬಿಚ್ಚಲಿಲ್ಲ. ಆಂಜಿನಪ್ಪ ಕನ್ನಡಿಯಲ್ಲಿ ನೋಡಿ, "ಹೊಟ್ಟೆನೋವಾ ತಾಯಿ? ಮಾತ್ರೆ ಐತೆ" ಎಂದರು.

"ಹೊಟ್ಟೆನೋವಲ್ಲ ಅಂಕಲ್, ಹೊಟ್ಟೆಯುರಿ" ಎಂದರು ಇಂದು.

ಹಿಂದಿನ ಸಂಜೆ ಆರತಕ್ಷತೆಯಲ್ಲಿ ವರನ ಸೋದರಮಾವ ಮುನಿಕೃಷ್ಣಪ್ಪ ನೂರಾರು ಜನರ ಎದುರು ಒಂದು ಮಾತು ಹೇಳಿದ್ದರಂತೆ: ನಮ್ಮ ಮನೆ ಹೆಣ್ಣುಮಕ್ಕಳು ಕಾರಿನಲ್ಲಿ ಹಿಂದೆ ಕೂರುತ್ತಾರೆಯೇ ಹೊರತು ಓಡಿಸುವುದಿಲ್ಲ, ಹುಡುಗಿಯ ಕಾರನ್ನು ಮಾರಿಬಿಡಿ. ಪಕ್ಕದಲ್ಲೇ ನಿಂತಿದ್ದ ವರ ಮಹೇಂದ್ರ ಶೂ ನೋಡಿಕೊಂಡಿದ್ದ.

"ಅವ್ರು ಅಂದಿದ್ದಕ್ಕೆ ಬೇಜಾರಿಲ್ಲ. ಇವ್ರು ಸುಮ್ನಿದ್ರಲ್ಲ, ಅದಕ್ಕೆ. ಓಡಿಸ್ದೆ ನಾನು ಕೆಲಸಕ್ಕೆ ಹೋಗೋದು ಹೆಂಗೆ? ಈಗ ಸುಮ್ನಿರೋರು ನಾಳೆ ಮಾತಾಡ್ತಾರಾ ಅಂಕಲ್?"

ಮಂಟಪಕ್ಕೆ ಇನ್ನು ಅರ್ಧ ಕಿಲೋಮೀಟರ್ ಇರುವಾಗ ಇಂದು ಕೇಳಿದರು. "ಇಲ್ಲಿಂದ ನಾನು ಓಡಿಸ್ಲಾ?"

"ಅಯ್ಯೋ ದೇವ್ರೇ" ಎಂದರು ಸರಳಾ.

ಆಂಜಿನಪ್ಪ ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು. ಒಂದು ಗೀರು ಬಿದ್ದರೂ ತಮ್ಮ ಕೆಲಸ ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ಇಲ್ಲ ಎನ್ನುವುದು ಸುಲಭವಿತ್ತು. ಆದರೆ ಮುಖ ಇಷ್ಟು ಗಟ್ಟಿಮಾಡಿಕೊಂಡು ಮಂಟಪಕ್ಕೆ ಇಳಿಯುವ ಮದುಮಗಳನ್ನು ಅವರು ನೋಡಿರಲಿಲ್ಲ. ಕೊನೆಗೆ, "ಲೈಸೆನ್ಸ್ ಐತಾ ತಾಯಿ?" ಎಂದರು.

ಇಂದು ಬಳೆ ತುಂಬಿದ ಕೈಯಲ್ಲಿ ಮೊಬೈಲ್ ಎತ್ತಿ ಲೈಸೆನ್ಸ್ ತೋರಿಸಿದರು. ಆಂಜಿನಪ್ಪ ಕನ್ನಡಕ ಹಾಕಿಕೊಂಡು, ಮೈತುಂಬ ಒಡವೆ ಹೇರಿಕೊಂಡ ಮದುಮಗಳನ್ನೂ ಫೋಟೊವನ್ನೂ ಮೂರು ಸಲ ಹೋಲಿಸಿ ನೋಡಿದರು. ಆಮೇಲೆ ಇಳಿದು ಬಂದು, ಎಂದಿನಂತೆ ಸೆಲ್ಯೂಟ್ ಹೊಡೆದು, ಬಾಗಿಲು ತೆಗೆದರು. ಈ ಸಲ ಮುಂದಿನದು.

ಆ ಅರ್ಧ ಕಿಲೋಮೀಟರ್ ತಮ್ಮ ಜೀವಮಾನದಲ್ಲೇ ಉದ್ದದ ದಾರಿ ಎನ್ನುತ್ತಾರೆ. ಎಡಗಡೆ ಸೀಟಿನಲ್ಲಿ ಟೋಪಿ ತೊಡೆಯ ಮೇಲಿಟ್ಟುಕೊಂಡು ಮುನೇಶ್ವರನಿಂದ ಹಿಡಿದು ನೆನಪಿದ್ದ ದೇವರನ್ನೆಲ್ಲ ಕರೆದರು. ಇಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಳನೀರಿನ ಗಾಡಿಯನ್ನೂ ಎರಡು ಆಟೋಗಳನ್ನೂ ಸಲೀಸಾಗಿ ಬಳಸಿಕೊಂಡು ಹೋದರು. ದೇವರುಗಳ ಹೆಸರು ಖಾಲಿಯಾಗುವ ಹೊತ್ತಿಗೆ ಆಂಜಿನಪ್ಪನವರಿಗೆ ಭಯವೂ ಹೋಗಿತ್ತು. ಹಿಂದೆ ಸರಳಾ ಅಳುತ್ತಲೇ ವಿಡಿಯೊ ಮಾಡುತ್ತಿದ್ದರು.

ಮಂಟಪದ ಬಾಗಿಲಲ್ಲಿ ವಾಲಗ ಮೊಳಗಿತು. ಆರತಿ ತಟ್ಟೆ ಹಿಡಿದ ಹೆಂಗಸರು ಮುಂದೆ ಬಂದರು. ಸ್ವತಃ ಮುನಿಕೃಷ್ಣಪ್ಪನವರೇ ದೊಡ್ಡ ಮನಸ್ಸು ಮಾಡಿ ಹಿಂದಿನ ಬಾಗಿಲು ತೆಗೆದರು. ಒಳಗೆ ಸರಳಾ ಒಬ್ಬರೇ ಕೂತಿದ್ದರು. ಆರತಿ ನೇರ ಅವರ ಮುಖಕ್ಕೇ ಬಂತು. ಅಷ್ಟರಲ್ಲಿ ಮುಂದಿನ ಬಾಗಿಲಿಂದ ಕಂಚಿ ಸೀರೆಯ ಮದುಮಗಳು ಬೀಗದ ಕೈ ಹಿಡಿದು ಇಳಿದರು. ನಾದಸ್ವರದವರ ಉಸಿರು ಅರ್ಧಕ್ಕೇ ನಿಂತಿತು.

"ಏನಯ್ಯಾ ಇದು?" ಮುನಿಕೃಷ್ಣಪ್ಪ ಆಂಜಿನಪ್ಪನವರನ್ನು ಕೇಳಿದರು.

"ಮದುಮಗಳು ಬಂದವ್ರೆ ಸ್ವಾಮಿ. ಟೈಮಿಗೆ ಸರಿಯಾಗಿ."

ಮುನಿಕೃಷ್ಣಪ್ಪ ಬಾಯಿ ತೆರೆಯುವುದಕ್ಕೆ ಮೊದಲೇ ಗುಂಪಿನೊಳಗಿಂದ ಮಹೇಂದ್ರ ನುಗ್ಗಿ ಬಂದ. ಪೇಟ ವಾಲಿತ್ತು. "ಮಾವ, ಇಂದು ತನ್ನ ಕಾರು ಮಾರಲ್ಲ" ಎಂದ. ಎಲ್ಲರೂ ಅವನನ್ನೇ ನೋಡಿದರು. ಅವನು ಪೇಟ ನೆಟ್ಟಗೆ ಮಾಡಿಕೊಂಡು ಮುಂದುವರಿಸಿದ. "ನಿನ್ನೇನೇ ಹೇಳ್ಬೇಕಿತ್ತು. ಹೇಳಿದ್ರೆ ಇನ್ನೊಂದು ವಿಷಯಾನೂ ಹೊರಗೆ ಬರುತ್ತೆ ಅಂತ ಸುಮ್ನಿದ್ದೆ. ನಂಗೆ ಡ್ರೈವಿಂಗ್ ಬರಲ್ಲ. ಟೆಸ್ಟಲ್ಲಿ ಮೂರು ಸಲ ಫೇಲ್ ಆಗಿದೀನಿ."

ಮುನಿಕೃಷ್ಣಪ್ಪ ಸೋದರಳಿಯನನ್ನು ಮೇಲಿಂದ ಕೆಳಗೆ ನೋಡಿದರು. "ಅಂಗಾದ್ರೆ ನಾನು ನಿಂಗೆ ಉಡುಗೊರೆ ಕೊಡ್ತಿರೋ ಕಾರು?"

"ಯಾರಾದ್ರೂ ಓಡಿಸ್ಲೇಬೇಕಲ್ಲ ಮಾವ" ಎಂದರು ಇಂದು, ಬಹಳ ವಿನಯದಿಂದ. ಮೊದಲು ನಕ್ಕದ್ದು ಮುನಿಕೃಷ್ಣಪ್ಪನವರ ಹೆಂಡತಿ. ಆಮೇಲೆ ವಾಲಗದವರೂ ಸೇರಿ ಎಲ್ಲರೂ. ಮುನಿಕೃಷ್ಣಪ್ಪ ಕೊನೆಯವರಾಗಿ, ಸ್ವಲ್ಪವೇ ನಕ್ಕರು. ಮುಹೂರ್ತ ಮೀರಲಿಲ್ಲ.

ಆದರೆ ತಾಳಿ ಕಟ್ಟುವ ಮೊದಲೇ ಸರಳಾ ಅವರ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹಾರಿ ಮಾಲೀಕ ನಿರಂಜನ್ ಅವರನ್ನು ತಲುಪಿತ್ತು. "ಏನ್ರೀ ಆಂಜಿನಪ್ಪ, ಬೀಗದ ಕೈ ಕೊಟ್ಟು ಮನೇಲಿರಿ" ಎಂದುಬಿಟ್ಟರು. ಹನ್ನೆರಡು ದಿನ ಆಂಜಿನಪ್ಪ ಮನೆಯಲ್ಲಿದ್ದರು. ಮೊದಲ ದಿನ ಸೊಣ್ಣಮ್ಮ ಸಮಾಧಾನ ಹೇಳಿದರು. ಎರಡನೇ ದಿನ ರಾಗಿ ಹಿಟ್ಟು ಬೀಸಿಸಲು ಕಳಿಸಿದರು. ಐದನೇ ದಿನ, ಪಾತ್ರೆಗಳನ್ನು ಎತ್ತರದ ಪ್ರಕಾರ ಜೋಡಿಸಿದ್ದ ಗಂಡನನ್ನು ನೋಡಿ, "ಎಲ್ಲಾದರೂ ಕೆಲ್ಸ ನೋಡ್ಕೋ, ಇಲ್ಲಾಂದ್ರೆ ನಾನೇ ಎಲ್ಲಾದರೂ ಓಗ್ತೀನಿ" ಎಂದರು. ರಾತ್ರಿ ಮಾತ್ರ ಆಂಜಿನಪ್ಪನವರಿಗೆ ನಿದ್ದೆ ಬರುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಮತ್ತೆ ಈರುಳ್ಳಿಗೆ ಹೋಗಬೇಕೇ ಎಂಬ ಚಿಂತೆ.

ಹನ್ನೆರಡನೇ ದಿನ ಬದಲಿ ಚಾಲಕ ಕಿರಿದಾದ ಗಲ್ಲಿಯೊಂದರ ಗೇಟಿಗೆ ಕಾರನ್ನು ಉಜ್ಜಿ, ಬಾಳೆಲೆಯಷ್ಟು ಉದ್ದದ ಗೀರು ಮಾಡಿಕೊಂಡು ಬಂದ. ಮಾರನೇ ಬೆಳಿಗ್ಗೆ ನಿರಂಜನ್ ಫೋನ್ ಮಾಡಿ, ಹಳೆಯದೇನೂ ಎತ್ತದೆ, "ಏಳೂವರೆಗೆ ಯಶವಂತಪುರದಲ್ಲಿ ಮದುವೆ ಇದೆ, ಬರ್ತೀರಾ?" ಎಂದರು. ಆಂಜಿನಪ್ಪ ಆಗಲೇ ಶೆಡ್ಡಿನ ಹತ್ತಿರದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದರು. ಹನ್ನೆರಡು ದಿನವೂ ಹಿಟ್ಟಿನ ಗಿರಣಿಗೆಂದು ಹೊರಟು ಅಲ್ಲಿಗೇ ಬರುತ್ತಿದ್ದರಂತೆ.

ಅಂದಿನಿಂದ ನಾಲ್ವರು ಮದುವಣಗಿತ್ತಿಯರು ಸ್ಟೀರಿಂಗ್ ಕೇಳಿದ್ದಾರೆ. ಯಾರಿಗೂ ಕೊಟ್ಟಿಲ್ಲ. "ಅವರೆಲ್ಲ ಫೋಟೊಗೆ ಕೇಳ್ದೋರು. ಆವಮ್ಮ ಬದುಕಕ್ಕೆ ಕೇಳ್ದೋಳು" ಎನ್ನುತ್ತಾರೆ.

ಈಗ ಆರು ಗಂಟೆ. ಬಾನೆಟ್ಟಿನ ಮೇಲೆ ಹೂವು ಕೂತಿದೆ. ಇಷ್ಟು ವರ್ಷದಲ್ಲಿ ಹೆಮ್ಮೆ ಎನಿಸಿದ್ದು ಏನು ಎಂದು ಕೇಳಿದರೆ ಆಂಜಿನಪ್ಪ ಮೀಸೆ ಸವರಿಕೊಂಡು ಸ್ವಲ್ಪ ಯೋಚಿಸುತ್ತಾರೆ. ಹಾರ, ಮೈಕು, ಚಪ್ಪಾಳೆ ಯಾವುದನ್ನೂ ಹೇಳುವುದಿಲ್ಲ.

"ನಾನು ಬ್ರೇಕ್ ಒತ್ತಿದ್ದು ಇದುವರೆಗೂ ಒಬ್ಬ ಮದುಮಗಳಿಗೂ ಗೊತ್ತಾಗಿಲ್ಲ ಸಾರ್" ಎಂದು ಕಾರು ಹತ್ತುತ್ತಾರೆ.