ಬೆಲ್ಲ ಹಾಕದ ಸಾರು

ಬೆಟಗೇರಿಯ ನೇಕಾರರ ಓಣಿಯಲ್ಲಿ ನೂಲಿನ ಹಳೆಯ ಗೋದಾಮೊಂದು ಖಾಲಿ ಬಿದ್ದಿತ್ತು. ಎಂಬತ್ತರ ದಶಕದ ಶುರುವಿನಲ್ಲಿ ನಮ್ಮ ಮಹಿಳಾ ಮಂಡಳದವರು ಅದಕ್ಕೆ ಸುಣ್ಣ ಬಳಿಸಿ, ಜಮಖಾನ ಹಾಸಿ, ಓಣಿಯ ಮುದುಕ ಮುದುಕಿಯರು ಹಗಲು ಹೊತ್ತು ಬಂದು ಕೂರುವ ಜಾಗ ಮಾಡಿದೆವು. ವಾರಕ್ಕೆ ಮೂರು ದಿನ ಮಧ್ಯಾಹ್ನದ ಊಟ, ಊಟಕ್ಕೆ ಮುಂಚೆ ಏನಾದರೊಂದು ಕಾರ್ಯಕ್ರಮ. ಎರಡನ್ನೂ ಗೊತ್ತು ಮಾಡುವ ಕೆಲಸ ನನ್ನ ತಲೆಗೆ ಬಂತು. ನಾನು ಹೈಸ್ಕೂಲಿನಲ್ಲಿ ಹದಿನೈದು ವರ್ಷ ಗೃಹವಿಜ್ಞಾನ ಕಲಿಸಿ ಬಿಟ್ಟವಳು. ಯಾವ ಕಾಳಿನಲ್ಲಿ ಏನಿದೆ ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಿದ್ದೆ. ಅದರ ಜಂಬವೂ ನನಗೆ ಸಾಕಷ್ಟಿತ್ತು.

ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಪ್ರತಿ ಶನಿವಾರ ಮುಂದಿನ ವಾರದ್ದನ್ನು ಬರೆಯುತ್ತಿದ್ದೆ. ಸೋಮವಾರ ಭಜನೆ, ರೊಟ್ಟಿ, ಹೆಸರುಕಾಳಿನ ಪಲ್ಯ, ಅನ್ನ ಸಾರು. ಗುರುವಾರ ಯಾರಾದರೂ ಪೇಪರ್ ಓದಿ ಹೇಳುವುದು, ಆಮೇಲೆ ಗೋಧಿ ಹುಗ್ಗಿ. ಶನಿವಾರ ರೇಡಿಯೋ, ಜೋಳದ ನುಚ್ಚು, ಮಜ್ಜಿಗೆ. ಓದಲು ಬಾರದವರು ದಿನಾ ಬಂದು "ಇವತ್ತ ಏನ್ರಿ ಅಕ್ಕೋರ?" ಎಂದು ಕೇಳುವರು. ಹರ್ತಿಯ ಪುಣ್ಯಾತ್ಮರೊಬ್ಬರು ಚೀಲಗಟ್ಟಲೆ ಕಡಲೆ ಕಳಿಸಿದಾಗ ಹಲ್ಲಿಲ್ಲದ ಮುದುಕರೆಲ್ಲ ಗಾದೆ ನೆನೆಸಿಕೊಂಡು ನಕ್ಕಿದ್ದೇ ನಕ್ಕಿದ್ದು. ಅದನ್ನು ಬೀಸಿಸಿ ಝುಣಕ ಮಾಡಿಸಿದ್ದಕ್ಕೆ ನನ್ನನ್ನು ಹೊಗಳಿದ್ದೇ ಹೊಗಳಿದ್ದು.

ಅಲ್ಲಿಗೆ ಬರುತ್ತಿದ್ದವರಲ್ಲಿ ಒಬ್ಬಳನ್ನು ಎಲ್ಲರೂ ಕಂಡಿಕಿ ಅವ್ವ ಎನ್ನುತ್ತಿದ್ದರು. ಮಗ್ಗದ ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತಿ ಸುತ್ತಿಯೇ ಅವಳ ಬಲಗೈ ಬೆರಳು ಸೊಟ್ಟಗಾಗಿದ್ದವು. ಗಂಡ ತೀರಿಕೊಂಡ ಮೇಲೂ ಅವರಿವರ ಮನೆಯ ಕಂಡಿಕೆ ಸುತ್ತಿಕೊಂಡಿದ್ದಳು. ಮೊದಲನೇ ಗುರುವಾರವೇ ಹುಗ್ಗಿಯ ಬಟ್ಟಲನ್ನು ಪಕ್ಕದವಳ ಕಡೆಗೆ ಸರಿಸಿದಳು. ಅಡುಗೆಯಾಕೆ ಅವಳಿಗಾಗಿ ಒಂದು ಸಣ್ಣ ಪಾತ್ರೆಯಲ್ಲಿ ಬೆಲ್ಲ ಹಾಕದ ಸಾರನ್ನು ಬೇರೆ ಇಡುತ್ತಿದ್ದಾಳೆ ಎಂದು ನನಗೆ ಗೊತ್ತಾದದ್ದು ತಿಂಗಳು ಕಳೆದ ಮೇಲೆ. ನನಗೆ ಹೇಳದೆ ನನ್ನ ಅಡುಗೆಮನೆಯಲ್ಲಿ ಎರಡು ಸಾರೇ? ಸಿಟ್ಟು ನೆತ್ತಿಗೇರಿತು. ನೇರ ಹೋಗಿ ಕೇಳಿದೆ.

"ಬೆಲ್ಲ ಬಿಟ್ಟೀನ್ರಿ ಅಕ್ಕೋರ" ಎಂದಳು. ಆಮೇಲೆ ಅವಳು ಹೇಳಿದ್ದು ಇಷ್ಟು. ಅವಳಿಗೆ ಒಬ್ಬಳೇ ಮಗಳು. ಓಣಿಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕಲು ಬರುತ್ತಿದ್ದ ಲಕ್ಷ್ಮೇಶ್ವರದ ಮುಸಲ್ಮಾನರ ಹುಡುಗನನ್ನು ಮೆಚ್ಚಿ ಹೋಗಿ ನಿಕಾ ಮಾಡಿಕೊಂಡಳು. ಮುಂದಿನ ನಾಗರಪಂಚಮಿಗೆ, ಎಲ್ಲ ಹೆಣ್ಣುಮಕ್ಕಳು ತವರಿಗೆ ಬರುವ ಹಾಗೆ, ಅವಳೂ ಬಂದು ಹೊಸ್ತಿಲ ಆಚೆ ನಿಂತಳು. ಮಳೆ ಕೈಕೊಟ್ಟ ವರ್ಷ, ಶ್ರಾವಣದಲ್ಲೂ ಸುಡುವ ಬಿಸಿಲು. ಬಿಸಿಲಲ್ಲಿ ಬಂದವರಿಗೆ, ವೈರಿಯೇ ಆಗಿರಲಿ, ಮೊದಲು ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ರೀತಿ. ತಾಯಿ ಒಳಗಿನಿಂದ ಬೆಲ್ಲದ ಚೂರು, ತಂಬಿಗೆ ನೀರು ತಂದಳು. ಗಂಡ ಮಗ್ಗದಿಂದೆದ್ದು ಬಂದು ಬಾಗಿಲು ಮುಚ್ಚಿದ. ಮಗಳು ಒಂದು ಗುಟುಕು ನೀರಿಲ್ಲದೆ ತಿರುಗಿ ಹೋದಳು.

"ಬೆಲ್ಲ ನನ್ನ ಕೈಯಾಗ ಉಳೀತ್ರಿ" ಎಂದಳು ಅವ್ವ. "ಅವತ್ತ ಅಂದ್ಕೊಂಡೆ, ಆಕಿ ಕೈಯಾಗ ಬೆಲ್ಲ ಇಟ್ಟ ಮ್ಯಾಲೇ ನನ್ನ ನಾಲಿಗಿಗೆ ಬೆಲ್ಲ."

ಮಗಳ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಗಂಡ ಅವ್ವನಿಂದ ಮಗ್ಗ ಮುಟ್ಟಿಸಿ ಆಣೆ ಮಾಡಿಸಿದ್ದ. ಮಗಳು ಇಲ್ಲಿಗೆ ಬರಬಾರದು ಎಂದು ಆಣೆ ಮಾಡಿಸಲು ಮರೆತಿದ್ದ. ಅವನು ಸತ್ತ ಕೂಡಲೇ ಅವ್ವ ಬಳೆಗಾರನ ಕೈಯಲ್ಲಿ 'ಬಾ' ಎಂದು ಹೇಳಿ ಕಳಿಸಿದಳು. 'ಬರ್ತೀನಿ ಅಂದಾಳ' ಎಂದು ಬಳೆಗಾರ ಖಬರು ತಂದ. ಅದಾಗಿ ಎರಡು ಪಂಚಮಿ ಕಳೆದಿದ್ದವು. ಈಗ ಕೇಳಿದರೆ ಬಳೆಗಾರ 'ನಾ ಆ ಕಡೆ ಹೋಗೇ ಇಲ್ಲ' ಎನ್ನುತ್ತಾನೆ.

ಕೇಳಿ ನನಗೆ ಸಂಕಟವಾಯಿತು. ಅದಕ್ಕಿಂತ ಹೆಚ್ಚಾಗಿ ರೇಗಿತು. ಮಗಳು ಬರದಿದ್ದರೆ ಬೆಲ್ಲ ಏನು ಮಾಡೀತು? ಅದೇ ಹೊತ್ತಿಗೆ ಎಲ್ಲರನ್ನೂ ತಪಾಸು ಮಾಡಲು ಬಂದ ಡಾಕ್ಟರು ಇವಳಿಗೆ ರಕ್ತ ಬಹಳ ಕಡಿಮೆ ಇದೆ ಎಂದರು. ಬೆಲ್ಲದಲ್ಲಿ ಕಬ್ಬಿಣದ ಅಂಶವಿದೆ ಎಂದು ಸಾವಿರ ಹುಡುಗಿಯರಿಗೆ ಪಾಠ ಹೇಳಿದವಳು ನಾನು. ಅಡುಗೆಯಾಕೆಯನ್ನು ಕರೆದು ಸಣ್ಣ ಪಾತ್ರೆಯ ಸಾರಿಗೂ ಬೆಲ್ಲ ಹಾಕಲು ಹೇಳಿದೆ.

"ಪಾಪ ಹತ್ತತೈತ್ರಿ" ಎಂದಳು ಅವಳು.

"ಪಾಪ ನನಗಿರ್ಲಿ. ನೀ ಹಾಕು" ಎಂದೆ.

ಮೊದಲು ಉಗುರಿನಷ್ಟು. ಆಮೇಲೆ ಹುಣಸೆಹಣ್ಣು, ಖಾರ ತುಸು ಏರಿಸಿ, ಅಡಿಕೆಯಷ್ಟು. ವಯಸ್ಸಾದ ನಾಲಿಗೆಗೆ ಗೊತ್ತಾಗಲಿಲ್ಲ. "ಈಗೀಗ ಸಾರು ಭಾಳ ಚಲೋ ಆಗಾಕತ್ತೈತ್ರಿ" ಎಂದು ಅವ್ವ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದಳು. ನಾನು ಒಳಗೊಳಗೇ ಬೀಗುತ್ತಿದ್ದೆ.

ಆರು ತಿಂಗಳು ಹೀಗೆ ನಡೆಯಿತು. ಒಂದು ಗುರುವಾರ ಗದಗಿನಿಂದ ಇಬ್ಬರು ಅಧಿಕಾರಿಗಳು ನಮ್ಮ ಕೇಂದ್ರ ನೋಡಲು ಬಂದರು. ಪಂಕ್ತಿ ಕೂತಿತ್ತು. ಕರಿಹಲಗೆ ತೋರಿಸಿದೆ, ಹುಗ್ಗಿ ತೋರಿಸಿದೆ, ಮಾತಿನ ಭರದಲ್ಲಿ ಅವ್ವನ ಮುಂದೆಯೇ ನಿಂತು ಹೇಳಿಬಿಟ್ಟೆ: "ಈ ಅಜ್ಜಿ ಬೆಲ್ಲ ಮುಟ್ಟುತ್ತಿರಲಿಲ್ಲ ಸರ್. ಗೊತ್ತಾಗದ ಹಾಗೆ ಸಾರಿನಲ್ಲಿ ಹಾಕಿಸಿದೆ. ನೋಡಿ, ಮುಖದಲ್ಲಿ ಹೇಗೆ ಕಳೆ ಬಂದಿದೆ!" ಅಧಿಕಾರಿಗಳು ನಕ್ಕರು. ಪಂಕ್ತಿಯಲ್ಲಿದ್ದ ಕೆಲವರೂ ನಕ್ಕರು.

ಅವ್ವನ ಕೈ ತಾಟಿನಲ್ಲಿ ಹಾಗೇ ನಿಂತಿತು. ನನ್ನನ್ನು ನೋಡಲಿಲ್ಲ. ಎದ್ದು ಹೊರಗೆ ಹೋಗಿ ಬಾಯಿ ಮುಕ್ಕಳಿಸಿದಳು, ಮತ್ತೆ ಮತ್ತೆ ಮುಕ್ಕಳಿಸಿದಳು, ತಂಬಿಗೆಯ ನೀರು ಮುಗಿಯುವ ತನಕ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಮನೆಗೆ ನಡೆದಳು. ಅಡುಗೆಯಾಕೆ ಬಾಗಿಲಲ್ಲಿ ನಿಂತು ಅಳುತ್ತಿದ್ದಳು.

ಮೂರು ವಾರ ಅವ್ವ ಬರಲಿಲ್ಲ. ನಾನೇ ಹೋದೆ. ನೆಲದ ಮೇಲೆ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಕುಂಡ್ರಿ ಎಂದಳು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಬಚಾವಾಗುತ್ತಿದ್ದೆ.

"ಎಷ್ಟ ದಿನಾ ಹಾಕಿದ್ರಿ?" ಎಂದು ಕೇಳಿದಳು.

"ಆರ ತಿಂಗಳು, ಯವ್ವಾ."

ರಾಟೆ ನಿಲ್ಲಿಸಿದಳು. "ಹಂಗಾರ ಅದಕ್ಕ ಬರ್ಲಿಲ್ಲ ಆಕಿ" ಎಂದಳು.

ಆಣೆ ಇದ್ದದ್ದು ಅವಳ ಕಾಲಿಗೆ, ನನ್ನ ಕಾಲಿಗಲ್ಲವಲ್ಲ. "ನಾ ಹೋಗಿ ಕರ್ಕೊಂಡ ಬರ್ತೀನಿ" ಎಂದುಬಿಟ್ಟೆ. ಅವಳ ಮುಖ ಅರಳಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಮರುದಿನವೇ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಚಾಳಿ ಬಿಟ್ಟೀತೇ, ಯಳವತ್ತಿ ದಾಟುವಷ್ಟರಲ್ಲಿ ಮುಂದಿನ ಗುರುವಾರದ ಕಾರ್ಯಕ್ರಮ ತಲೆಯಲ್ಲಿ ತಯಾರಾಗಿತ್ತು: ಮಗಳನ್ನು ಕರಿಹಲಗೆಯ ಹತ್ತಿರ ಕೂರಿಸುವುದು, ಅವ್ವ ಎಲ್ಲರ ಮುಂದೆ ಅವಳ ಕೈಯಲ್ಲಿ ಬೆಲ್ಲ ಇಡುವುದು, ಆಮೇಲೆ ಎಲ್ಲರಿಗೂ ಹುಗ್ಗಿ.

ಕಲಾಯಿ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ತಿದಿ ಒತ್ತುತ್ತಾ ಕೂತಿದ್ದವನ ಗಡ್ಡದಲ್ಲಿ ಆಗಲೇ ಬಿಳಿ ಕೂದಲಿತ್ತು. ಬೆಟಗೇರಿಯಿಂದ ಬಂದೆ ಎಂದೆ. ಅವನು ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟ.

"ಆಕಿ ಹೋಗಿ ಎರಡ ವರ್ಷ ಆತ್ರಿ" ಎಂದ. "ಕಾಮಾಲಿ ಆಗಿತ್ತು. ಹದಿನೈದ ದಿನದಾಗ ಮುಗೀತು. ಅವ್ವ ಕರದಾಳ ಅಂತ ಅರಿವಿ ಗಂಟು ಕಟ್ಟಿ ಇಟ್ಟಿದ್ಲು. ಒಂದೀಟ ಆರಾಮ ಆಗ್ಲಿ, ಆಮ್ಯಾಲ ಹೋಗೂಣು ಅಂತ ನಾನ ತಡದಿದ್ದೆ."

ತಾಯಿಗೆ ಯಾಕೆ ತಿಳಿಸಲಿಲ್ಲ ಎಂದು ಕೇಳಿದೆ.

"ಗಂಡ ಸತ್ತ ವರ್ಷ ತುಂಬಿದ್ದಿಲ್ಲರಿ ಅವರಿಗೆ. ಹೆಂಗ ಹೇಳ್ಲಿ? ಬಳೆಗಾರ ಚಾಚಾಗೂ ಹೇಳಬ್ಯಾಡ ಅಂದೆ."

ಎರಡು ವರ್ಷ. ನಾನು ಬೆಲ್ಲ ಹಾಕಿಸಿದ್ದು ಆರು ತಿಂಗಳ ಹಿಂದೆ. ಅಂದರೆ ನನ್ನಿಂದ ಏನೂ ಆಗಿರಲಿಲ್ಲ. ಅಂಗಡಿಯ ಮುಂದೆ ನಿಂತಿದ್ದಾಗ ನನಗೆ ಮೊದಲು ಆದದ್ದು ದುಃಖವಲ್ಲ, ಸಮಾಧಾನ. ಒಬ್ಬ ಮನುಷ್ಯ ತನ್ನ ಹೆಂಡತಿಯ ಸಾವು ಹೇಳುತ್ತಿದ್ದಾಗ ನಾನು ನನ್ನ ಪಾಪದ ಲೆಕ್ಕ ಚುಕ್ತಾ ಆಯಿತೆಂದು ಉಸಿರು ಬಿಟ್ಟೆ. ಅದಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ಒಂದು ಮಾತು ಹೊಳೆಯಿತು. ನನ್ನ ತಪ್ಪಿಲ್ಲ ಎಂದು ಅವ್ವನಿಗೆ ಹೇಳಬೇಕಾದರೆ ಮಗಳಿಲ್ಲ ಎಂದು ಹೇಳಬೇಕು. ಬೇರೆ ದಾರಿ ಇರಲಿಲ್ಲ. ಗದಗಿನಲ್ಲಿ ಇಳಿಯುವ ತನಕ ಅತ್ತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಯಾರೋ ಹೋಗಿರಬೇಕೆಂದು ತಿಳಿದು ಬೆನ್ನು ಸವರಿದಳು.

ಅವ್ವ ಹೊಸ್ತಿಲಲ್ಲೇ ಕಾದಿದ್ದಳು. ನನ್ನ ಹಿಂದೆ ಇಣುಕಿ ನೋಡಿದಳು. ಯಾರೂ ಇಲ್ಲದ್ದು ಕಂಡು ಒಳಗೆ ಹೋದಳು. ಬಂದಾಗ ಕೈಯಲ್ಲಿ ಬೆಲ್ಲದ ಚೂರು ಮತ್ತು ತಂಬಿಗೆ ಇದ್ದವು.

"ಬಿಸಿಲಾಗ ಬಂದೀರಿ. ಮದಲ ಬಾಯಾಗ ಹಾಕ್ಕೋರಿ, ಆಮ್ಯಾಲ ಹೇಳ್ರಿ."

ಬೆಲ್ಲ ಬಾಯಿಗೆ ಹಾಕಿಕೊಂಡೆ. "ಅವರು ಊರು ಬಿಟ್ಟಾರಂತ, ಯವ್ವಾ. ಮುಂಬೈ ಕಡೆ ಹೋಗ್ಯಾರಂತ" ಎಂದೆ.

"ಯಾವಾಗ ಹೋಗ್ಯಾರ?"

ಬಸ್ಸಿನಲ್ಲಿ ಇದನ್ನು ಯೋಚಿಸಿರಲಿಲ್ಲ. ಎರಡು ವರ್ಷ ಎನ್ನಬಹುದಿತ್ತು; ನನ್ನ ತಪ್ಪು ಕಳೆಯುತ್ತಿತ್ತು, ಅವಳ ವ್ರತ ಸುಳ್ಳಾಗುತ್ತಿತ್ತು. "ಆರ ತಿಂಗಳ ಆತಂತ" ಎಂದೆ.

ಅವ್ವ ನಿಧಾನವಾಗಿ ತಲೆಯಾಡಿಸಿದಳು. "ನಾ ಅಂದಿದ್ದಿಲ್ಲೇನು?"

"ಹೌದ್ರಿ ಯವ್ವಾ. ನನ್ನಿಂದ ಆತು."

"ಆಗಿದ್ದ ಆತು ಬಿಡ್ರಿ. ಬೆಲ್ಲ ಬಿಡೂದ ಮತ್ತ ಮದಲಿಂದ ಹಿಡದ್ರ ಆತು" ಎಂದಳು. ನನ್ನ ಕಣ್ಣೀರು ನೋಡಿ ತನ್ನ ಸೆರಗಿನಿಂದಲೇ ಒರೆಸಿದಳು. "ಸೋಮವಾರ ಬರ್ತೀನಿ. ಸಾರು ಮಾತ್ರ ನೀವ ಮಾಡ್ರಿ, ನಿಮ್ಮ ಕೈಲಿ. ಇನ್ನ ನೀವು ಹಾಕಂಗಿಲ್ಲ, ನನಗ ಗೊತ್ತೈತಿ."

ಅಂದಿನಿಂದ ಸಣ್ಣ ಪಾತ್ರೆಯ ಸಾರು ನನ್ನದಾಯಿತು. ಜ್ವರವಿದ್ದರೂ ಹೋಗಿ ಮಾಡಿಟ್ಟು ಬಂದಿದ್ದೇನೆ. ಮಂಡಳದವರು ನಗುತ್ತಿದ್ದರು, ಇಷ್ಟು ಓದಿದವಳು ಮುದುಕಿಯ ಹುಚ್ಚಿಗೆ ಕುಣಿಯುತ್ತಾಳೆ ಎಂದು. ಬಳೆಗಾರ ಓಣಿಯಲ್ಲಿ ಎದುರಾದರೆ ಇಬ್ಬರೂ ಬೇರೆ ಕಡೆ ನೋಡುತ್ತಿದ್ದೆವು. ಪಂಚಮಿ ಬಂತೆಂದರೆ ಅವ್ವ ಕೇಂದ್ರಕ್ಕೆ ಬರುತ್ತಿರಲಿಲ್ಲ. ಸೆರಗಿನ ತುದಿಯಲ್ಲಿ ಬೆಲ್ಲ ಗಂಟು ಹಾಕಿಕೊಂಡು, ಪಕ್ಕದಲ್ಲಿ ತಂಬಿಗೆ ಇಟ್ಟುಕೊಂಡು, ದಿನವಿಡೀ ತನ್ನ ಹೊಸ್ತಿಲಲ್ಲಿ ಕೂರುವಳು. ನಾನು ಅವತ್ತು ಆ ಓಣಿಯ ಕಡೆ ಕಾಲಿಡುತ್ತಿರಲಿಲ್ಲ.

ನಾಲ್ಕು ಪಂಚಮಿ ಹೀಗೆ ಕೂತಳು. ಐದನೆಯದಕ್ಕೆ ಇನ್ನೂ ಎರಡು ತಿಂಗಳಿರುವಾಗ ಹಾಸಿಗೆ ಹಿಡಿದಳು. ಕೊನೆಯ ದಿನ ಮಧ್ಯಾಹ್ನ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಪಕ್ಕದ ಮನೆಯಾಕೆ ಬಟ್ಟಲಲ್ಲಿ ಬೆಲ್ಲ ಕದಡಿದ ನೀರು ತಂದಳು, ಹೋಗುವಾಗಲಾದರೂ ಬಾಯಿ ಸಿಹಿಯಾಗಲಿ ಎಂದು. ಅರಳೆ ಅದ್ದಿ ಅವ್ವನ ತುಟಿಯ ಹತ್ತಿರ ಒಯ್ದಳು. ನಾನು ಅವಳ ಕೈ ಹಿಡಿದು ತಡೆದೆ.

"ಎಂಥಾ ಕಲ್ಲು ಮನಸ್ಸರಿ ನಿಮ್ಮದು! ಸಾಯೂ ಜೀವಕ್ಕೂ ಬ್ಯಾಡೇನು?"

"ಬರೇ ನೀರು ಹಾಕ್ರಿ" ಎಂದೆ. "ಆಕಿ ಮಗಳು ಇನ್ನೂ ಬಂದಿಲ್ಲ."

ಅವ್ವ ಕಣ್ಣು ತೆರೆಯಲಿಲ್ಲ. ಬರೇ ನೀರನ್ನು ಎರಡು ಗುಟುಕು ಕುಡಿದಳು, ಸೊಟ್ಟ ಬೆರಳುಗಳಿಂದ ನನ್ನ ಕೈಯನ್ನು ಒಮ್ಮೆ ಒತ್ತಿದಳು.